ಯಾವ ಆಪರೇಟಿಂಗ್ ಸಿಸ್ಟಂ, ಯಾರ ಮೇಜಿಗೆ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಮೇಖ್ರಿ ಸರ್ಕಲ್‌ನಿಂದ ಆಚೆಯವು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತ ಮೇಲೆ ಡೀಲರುಗಳ ಕೊಟೇಶನ್ನು ಎಲ್ಲರ ಮೇಜಿಗೂ ಬಂದು ಬಿದ್ದಿದೆ. ಅದನ್ನು ಮುಂದಿಟ್ಟುಕೊಂಡೇ ಹಲವರು ಬರೆದಿದ್ದಾರೆ. ಹೆಸರು ಬೇಡ ಎಂದು ಕೆಲವರು ಕೇಳಿಕೊಂಡಿದ್ದರಿಂದ ಎಲ್ಲರದನ್ನೂ ಬಿಟ್ಟು ಊರನ್ನಷ್ಟೇ ಹಾಕಿದ್ದೇನೆ.

ಆರ್.ಟಿ. ನಗರದಿಂದ ಒಬ್ಬ ಲೆಕ್ಕಪರಿಶೋಧಕರು

*ಸರ್, ನಮ್ಮ ಆಡಿಟ್ ಆಫೀಸಿನಲ್ಲಿ ಒಂಬತ್ತು ಸಿಸ್ಟಂ ಇವೆ. ಎಲ್ಲವೂ ಏಳನೇ ಜನರೇಶನ್ ಐ5, ವಿಂಡೋಸ್ 10. ಟ್ಯಾಲಿ ಡೇಟಾ ಇರುವ ಒಂದನ್ನು ಸರ್ವರ್ ಅಂತ ಕರೀತೀವಿ. ಡೀಲರು ಒಂಬತ್ತನ್ನೂ ಬದಲಾಯಿಸಿ, ಮೇಲೊಂದು ವಿಂಡೋಸ್ ಸರ್ವರ್ ಹಾಕಿಸಿ ಅಂತಾರೆ. ಎಂಜಿನಿಯರಿಂಗ್ ಓದೋ ನನ್ನ ಅಣ್ಣನ ಮಗ ಎಲ್ಲಕ್ಕೂ ಉಬುಂಟು ಹಾಕಿದ್ರೆ ಒಂದು ಪೈಸೆ ಖರ್ಚಿಲ್ಲ ಅಂತಾನೆ. ಯಾರ ಮಾತು ಕೇಳಲಿ?*

ಇಬ್ಬರ ಮಾತನ್ನೂ ಅರ್ಧರ್ಧ ಕೇಳಿ. ಮೊದಲು ಒಂದು ವಾರ ಒಂದು ನೋಟ್‌ಬುಕ್ ಇಟ್ಟು, ಬೆಳಿಗ್ಗೆಯಿಂದ ಸಂಜೆವರೆಗೆ ಯಾರು ಯಾವ ಪ್ರೋಗ್ರಾಂ ತೆರೆಯುತ್ತಾರೆ ಎಂದು ಬರೆಸಿ. ಆಪರೇಟಿಂಗ್ ಸಿಸ್ಟಂ ಆರಿಸುವವರು ನೀವಲ್ಲ, ನಾನೂ ಅಲ್ಲ. ನಿಮ್ಮ ಆಫೀಸಿನಲ್ಲಿ ಬಿಡಲಾಗದ ಒಂದು ಪ್ರೋಗ್ರಾಂ ಇರುತ್ತದಲ್ಲ, ಅದು ಆರಿಸುತ್ತದೆ.

ನಿಮ್ಮಲ್ಲಿ ಅದು ಟ್ಯಾಲಿ. 1986ರಲ್ಲಿ ಶುರುವಾಗಿ ಇದೇ ಬೆಂಗಳೂರಿನಲ್ಲಿ ಬೆಳೆದ ಕಂಪನಿಯ ಸಾಫ್ಟ್‌ವೇರು ಅದು. ವಿಂಡೋಸ್‌ಗೆಂದೇ ಬರೆದಿರುವುದು. ಲಿನಕ್ಸ್ ಮೇಲೆ ವೈನ್ ಎಂಬ ಪದರ ಹಾಕಿ ಓಡಿಸುವವರು ಇದ್ದಾರೆ, ಓಡುತ್ತದೆ ಕೂಡ. ಆದರೆ ರಿಟರ್ನ್ ಸಲ್ಲಿಸುವ ಕೊನೆಯ ದಿನ ಸಂಜೆ ಏಳಕ್ಕೆ ಅದು ಮುಗ್ಗರಿಸಿದರೆ ಟ್ಯಾಲಿಯವರಾಗಲಿ ಉಬುಂಟುವಿನವರಾಗಲಿ ನಿಮ್ಮ ಸಹಾಯಕ್ಕೆ ಬರಬೇಕಾದವರಲ್ಲ. ಮ್ಯಾಕ್ರೋ ತುಂಬಿದ ಎಕ್ಸೆಲ್ ಶೀಟುಗಳು, ಡಿಜಿಟಲ್ ಸಹಿಯ ಟೋಕನ್ನಿನ ಡ್ರೈವರುಗಳು ಇವೂ ನಿಮ್ಮನ್ನು ವಿಂಡೋಸ್ ಕಡೆಗೇ ಎಳೆಯುತ್ತವೆ. ಹಾಗಾಗಿ ಟ್ಯಾಲಿ ಮುಟ್ಟುವವರಿಗೆ, ಸಹಿ ಹಾಕುವವರಿಗೆ ವಿಂಡೋಸ್ 11 ಇರಲಿ. ಅದು ಎಂಟನೇ ಜನರೇಶನ್‌ಗಿಂತ ಹಳೆಯ ಇಂಟೆಲ್ ಚಿಪ್ಪನ್ನು ಒಪ್ಪುವುದಿಲ್ಲ, ಟಿಪಿಎಂ 2.0 ಎಂಬ ಭದ್ರತಾ ಚಿಪ್ಪೂ ಬೇಕೆನ್ನುತ್ತದೆ. ನಿಮ್ಮ ಐ5ಗಳು ಗಟ್ಟಿಮುಟ್ಟಾಗಿದ್ದರೂ ಬಾಗಿಲಲ್ಲೇ ನಿಲ್ಲುವುದು ಇದಕ್ಕೆ. ದುಡ್ಡು ಕೊಟ್ಟು ವಿಂಡೋಸ್ 10ಕ್ಕೆ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಪಡೆಯುವ ದಾರಿಯೂ ಇದೆ. ಕಂಪನಿಗಳಿಗೆ ಒಂದು ಸಿಸ್ಟಂಗೆ ಮೊದಲ ವರ್ಷ 61 ಡಾಲರ್, ಎರಡನೇ ವರ್ಷ ಅದರ ದುಪ್ಪಟ್ಟು, ಮೂರನೇ ವರ್ಷ ಮತ್ತೆ ದುಪ್ಪಟ್ಟು; ಒಟ್ಟು 427. ತಡವಾಗಿ ಸೇರಿದರೆ ಹಿಂದಿನ ವರ್ಷದ್ದನ್ನೂ ಕಟ್ಟಬೇಕು. ಏಳನೇ ಜನರೇಶನ್ ಡಬ್ಬಿಗೆ ಅಷ್ಟು ಸುರಿಯುವ ಬದಲು ಆ ದುಡ್ಡಿನಲ್ಲಿ ಹೊಸದು ತನ್ನಿ.

ಕೊಳ್ಳುವಾಗ ಪ್ರೊ ಆವೃತ್ತಿಯನ್ನೇ ಕೇಳಿ. ಬಿಲ್ ಕಡಿಮೆ ಮಾಡಲು ಹೋಮ್ ಹಾಕಿ ಕೊಡುತ್ತಾರೆ. ಹೋಮ್ ಡೊಮೇನ್‌ಗೆ ಸೇರುವುದಿಲ್ಲ, ಅದರಲ್ಲಿ ಗ್ರೂಪ್ ಪಾಲಿಸಿ ಇಲ್ಲ, ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಅದರೊಳಕ್ಕೆ ಹೋಗಲೂ ಆಗುವುದಿಲ್ಲ.

ಇನ್ನು ರಿಸೆಪ್ಶನ್, ಸ್ಕ್ಯಾನ್ ಮಾಡುವ ಸಿಸ್ಟಂ, ಬರೀ ಬ್ರೌಸರಿನಲ್ಲಿ ಪೋರ್ಟಲ್ ನೋಡುವವರು. ನೋಟ್‌ಬುಕ್ ತೆರೆದರೆ ಒಂಬತ್ತರಲ್ಲಿ ಎರಡೋ ಮೂರೋ ಅಂಥವು ಸಿಕ್ಕೇ ಸಿಗುತ್ತವೆ. ಅವಕ್ಕೆ ಹುಡುಗ ಹೇಳಿದ ಉಬುಂಟು ಹಾಕಿಸಿ. 24.04 ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಆ ಹಳೆಯ ಐ5ಗಳಿಗೆ ಒಂದೊಂದು ಎಸ್‌ಎಸ್‌ಡಿ ಹಾಕಿದರೆ ಇನ್ನೂ ನಾಲ್ಕು ವರ್ಷ ದುಡಿಯುತ್ತವೆ.

ವಿಂಡೋಸ್ ಸರ್ವರ್ ನಿಮಗೆ ಸದ್ಯ ಬೇಡ. ಸಾಮಾನ್ಯ ವಿಂಡೋಸ್ ಪ್ರೊದ ಪರವಾನಗಿಯಲ್ಲೇ 20 ಸಿಸ್ಟಂಗಳವರೆಗೆ ಅದರ ಫೈಲುಗಳನ್ನು ಹಂಚಿಕೊಳ್ಳಬಹುದು. ನೀವಿರುವುದು ಒಂಬತ್ತು ಜನ. ಸರ್ವರ್ ಕೊಂಡರೆ ಅದರ ಬೆಲೆಯ ಮೇಲೆ ಪ್ರತಿ ಬಳಕೆದಾರನಿಗೂ ಕ್ಯಾಲ್ ಎಂಬ ಪ್ರವೇಶ ಪರವಾನಗಿ ಕೊಳ್ಳಬೇಕು. ಕೊಟೇಶನ್ನಿನ ಕೊನೆಯ ಸಾಲುಗಳಲ್ಲಿ ಅದು ಇದೆಯೇ ನೋಡಿ. ಇರದಿದ್ದರೆ ಆಮೇಲೆ ಬರುತ್ತದೆ.

ಉಳಿಸಿದ ಆ ದುಡ್ಡು ಬ್ಯಾಕಪ್ಪಿಗೆ ಹೋಗಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೆಲವು ವರ್ಷಗಳ ಹಿಂದೆ ಗಂಗಾನಗರದ ಒಂದು ಆಫೀಸಿನಿಂದ ಬೆಳಿಗ್ಗೆ ಎಂಟಕ್ಕೆ ಫೋನ್ ಬಂತು. ಹೋಗಿ ನೋಡಿದರೆ ಪ್ರತಿ ಫೈಲಿನ ಹೆಸರಿನ ಕೊನೆಗೂ ಗುರುತಿಲ್ಲದ ಅಕ್ಷರಗಳು, ಪರದೆಯ ಮೇಲೆ ಹಣ ಕೇಳುವ ಚೀಟಿ. ಮೇಜಿನ ಕೆಳಗೆ ಬಗ್ಗಿದೆ. ಸರ್ವರಿನ ಹಿಂದೆ ಯುಎಸ್‌ಬಿ ಡಿಸ್ಕೊಂದು ನೇತಾಡುತ್ತಿತ್ತು. ಅದರ ಮೇಲೆ ಕೆಂಪು ಮಾರ್ಕರಿನಲ್ಲಿ ‘ಬ್ಯಾಕಪ್, ಮುಟ್ಟಬೇಡಿ’. ಆಯುಧಪೂಜೆಯ ಅರಿಶಿನ ಕುಂಕುಮ ಇನ್ನೂ ಮಾಸಿರಲಿಲ್ಲ, ಒಣಗಿದ ಸೇವಂತಿಗೆಯ ಎಸಳು ಕೇಬಲ್ಲಿಗೆ ಅಂಟಿಕೊಂಡಿತ್ತು. ಯಾರೂ ಮುಟ್ಟಿರಲಿಲ್ಲ, ನಿಜ. ಆದರೆ ಅದು ಹಗಲಿರುಳು ಚುಚ್ಚಿಕೊಂಡೇ ಇತ್ತು, ವಿಂಡೋಸ್‌ಗೆ ಅದೂ ಒಂದು ಡ್ರೈವ್. ರಾತ್ರಿ ಒಳಗೆ ನುಗ್ಗಿದ ರ‍್ಯಾನ್ಸಂವೇರ್ ಮೊದಲು ವಿಂಡೋಸ್ ತಾನೇ ಇಟ್ಟುಕೊಳ್ಳುವ ಹಳೆಯ ಪ್ರತಿಗಳನ್ನು ಅಳಿಸಿ, ಆಮೇಲೆ ಕೈಗೆ ಸಿಕ್ಕ ಪ್ರತಿ ಡ್ರೈವಿಗೂ ಬೀಗ ಹಾಕುತ್ತ ಹೋಗಿತ್ತು. ಮೂರು ವರ್ಷದ ಲೆಕ್ಕ, ಅದರ ಪ್ರತಿ, ಎರಡೂ ಒಂದೇ ರಾತ್ರಿ ಹೋದವು. ಆ ಮೇಜಿನ ಮುಂದೆ ಕೂತಿದ್ದ ಹಿರಿಯರ ಮುಖ ನನಗೆ ಇವತ್ತಿಗೂ ಮರೆತಿಲ್ಲ.

ಆದ್ದರಿಂದ ನಿಮ್ಮ ಹಳೆಯ ಐ5ಗಳಲ್ಲಿ ಒಂದನ್ನು ತೆಗೆದಿಟ್ಟು, ಎರಡು ಡಿಸ್ಕ್ ಹಾಕಿ, ಡೆಬಿಯನ್ ಅಥವಾ ಉಬುಂಟು ಸರ್ವರ್ ಹಾಕಿಸಿ. ವಿಂಡೋಸ್ ಅದಕ್ಕೆ ಬ್ಯಾಕಪ್ ಕಳಿಸಬಾರದು. ಆ ಡಬ್ಬಿಯೇ ರಾತ್ರಿ ಬಂದು ಟ್ಯಾಲಿ ಫೋಲ್ಡರನ್ನು ಎಳೆದುಕೊಂಡು ಹೋಗಬೇಕು. ಕಳಿಸುವುದಕ್ಕೂ ಎಳೆದುಕೊಳ್ಳುವುದಕ್ಕೂ ಇರುವ ವ್ಯತ್ಯಾಸದಲ್ಲೇ ನಿಮ್ಮ ಆಫೀಸಿನ ಪ್ರಾಣ ಇದೆ. ಎಳೆದುಕೊಳ್ಳುವ ಡಬ್ಬಿಯ ಪಾಸ್‌ವರ್ಡ್ ಯಾವ ವಿಂಡೋಸ್ ಸಿಸ್ಟಂನಲ್ಲೂ ಇರುವುದಿಲ್ಲ, ಅದರಲ್ಲಿ ಹಂಚಿಕೆಯ ಫೋಲ್ಡರೂ ಇರುವುದಿಲ್ಲ. ಒಳಗೆ ನುಗ್ಗಿದವನಿಗೆ ಅಲ್ಲಿಗೆ ಬಾಗಿಲೇ ಕಾಣುವುದಿಲ್ಲ. ಮೂವತ್ತು ದಿನಗಳ ಪ್ರತಿಯನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳಲು ಹೇಳಿ. ಇವತ್ತು ಕೆಟ್ಟ ಫೈಲು ನಿನ್ನೆಯ ಒಳ್ಳೆಯದರ ಮೇಲೆ ಕೂರಬಾರದು.

ಟ್ಯಾಲಿ ಡೇಟಾವನ್ನೇ ನೇರ ಲಿನಕ್ಸ್‌ನ ಸಾಂಬಾ ಎಂಬ ಫೈಲು ಹಂಚಿಕೆಯಲ್ಲಿ ಇಡಬಹುದಲ್ಲ ಎಂದು ಹುಡುಗ ಕೇಳುತ್ತಾನೆ. ಇಡುವವರು ಇದ್ದಾರೆ. ನಾನು ಹೇಳುವುದಿಲ್ಲ. ಒಂಬತ್ತು ಜನ ಒಟ್ಟಿಗೆ ಬರೆಯುವ ಫೈಲುಗಳಲ್ಲಿ ಬೀಗದ ವ್ಯವಹಾರ ಸೂಕ್ಷ್ಮ. ತೊಂದರೆ ಬಂದಾಗ ‘ಮೊದಲು ವಿಂಡೋಸ್‌ಗೆ ತನ್ನಿ’ ಎನ್ನುವುದೇ ಬೆಂಬಲದವರ ಮೊದಲ ಮಾತಾಗುತ್ತದೆ.

ಯಶವಂತಪುರ ಇಂಡಸ್ಟ್ರಿಯಲ್ ಸಬರ್ಬ್‌ನಿಂದ ಒಬ್ಬ ಜಾಬ್‌ವರ್ಕ್ ಶೆಡ್ ಮಾಲೀಕರು

*ನಮ್ಮ ಎರಡು ಸಿಎನ್‌ಸಿ ಮಷೀನಿನಲ್ಲಿ ವಿಂಡೋಸ್ ಎಕ್ಸ್‌ಪಿ ಇದೆ. ಡ್ರಾಯಿಂಗ್ ಮಾಡೋ ಸಿಸ್ಟಂ ಹೊಸದು ತಂದ ಮೇಲೆ ಮಷೀನು ನೆಟ್‌ವರ್ಕ್‌ನಲ್ಲಿ ಕಾಣ್ತಾನೇ ಇಲ್ಲ. ಸರ್ವಿಸ್ ಹುಡುಗ ‘ಎಸ್‌ಎಂಬಿ 1 ಆನ್ ಮಾಡಿದ್ರೆ ಬರುತ್ತೆ’ ಅಂದ. ಮಾಡಿಸಲಾ?*

ಬೇಡ. ಹುಡುಗ ಸುಳ್ಳು ಹೇಳಿಲ್ಲ, ಆನ್ ಮಾಡಿದರೆ ಕಾಣುತ್ತದೆ. ಅದರ ಜೊತೆಗೇ ಇನ್ನೊಂದು ಬಾಗಿಲೂ ತೆರೆಯುತ್ತದೆ.

ಎಸ್‌ಎಂಬಿ ಎಂದರೆ ವಿಂಡೋಸ್ ಸಿಸ್ಟಂಗಳು ಫೈಲು ಹಂಚಿಕೊಳ್ಳಲು ಆಡುವ ಭಾಷೆ. ಎಕ್ಸ್‌ಪಿಗೆ ಗೊತ್ತಿರುವುದು ಅದರ ಮೊದಲ ರೂಪ ಮಾತ್ರ. 2017ರ ಮೇ 12ರಂದು ವಾನಾಕ್ರೈ ಎಂಬ ರ‍್ಯಾನ್ಸಂವೇರ್ ಜಗತ್ತಿನ ತುಂಬ ಓಡಿದ್ದು ಆ ಮೊದಲ ರೂಪದ ಒಂದು ಬಿರುಕಿನಿಂದಲೇ. ಯಾರೂ ಏನನ್ನೂ ಕ್ಲಿಕ್ ಮಾಡಬೇಕಾಗಿರಲಿಲ್ಲ. ಒಂದು ಸಿಸ್ಟಂನಿಂದ ಪಕ್ಕದ ಸಿಸ್ಟಂಗೆ ತಾನೇ ದಾಟುತ್ತಿತ್ತು. ಬಿರುಕು ಮುಚ್ಚುವ ಅಪ್‌ಡೇಟ್ ಎರಡು ತಿಂಗಳು ಮೊದಲೇ, ಮಾರ್ಚ್‌ನಲ್ಲಿ ಬಂದಿತ್ತು. ಆದರೆ ಎಕ್ಸ್‌ಪಿಯ ಬೆಂಬಲ 2014ರ ಏಪ್ರಿಲ್‌ನಲ್ಲೇ ಮುಗಿದಿದ್ದರಿಂದ ಅದಕ್ಕೆ ಬಂದಿರಲಿಲ್ಲ. ದಾಳಿಯಾದ ಮೇಲೆ ಮೈಕ್ರೋಸಾಫ್ಟ್ ವಿಶೇಷವಾಗಿ ಬಿಡುಗಡೆ ಮಾಡಿತು. ಆ ವರ್ಷದ ಕೊನೆಯಿಂದ ಹೊಸ ವಿಂಡೋಸ್‌ನಲ್ಲಿ ಈ ಮೊದಲ ರೂಪವನ್ನು ಹಾಕುವುದನ್ನೇ ನಿಲ್ಲಿಸಿದರು. ನಿಮ್ಮ ಮಷೀನು ಕಾಣದಿರುವುದು ಅದಕ್ಕೇ.

ಹಾಗಂತ ಮಷೀನಿನ ಎಕ್ಸ್‌ಪಿಯನ್ನು ಯಾರಿಗೂ ಮುಟ್ಟಲು ಬಿಡಬೇಡಿ. ಕಂಟ್ರೋಲರ್ ಬರೆದವರು ಅದನ್ನು ಆ ಎಕ್ಸ್‌ಪಿಗೇ ಹೊಂದಿಸಿ ಕೊಟ್ಟಿರುತ್ತಾರೆ. ‘ಅಪ್‌ಗ್ರೇಡ್ ಮಾಡ್ತೀನಿ’ ಎಂದವನ ಕೈಗೆ ಕೊಟ್ಟರೆ ಲಕ್ಷಾಂತರದ ಮಷೀನು ನಿಲ್ಲುತ್ತದೆ. ಮೊದಲ ಕೆಲಸ, ಆ ಡಿಸ್ಕುಗಳ ಪೂರ್ತಿ ನಕಲು ತೆಗೆಸಿ ಬೀರುವಿನಲ್ಲಿಡಿ. ಹದಿನೈದು ವರ್ಷ ಎಣ್ಣೆಯ ಹಬೆ, ಲೋಹದ ಪುಡಿ ಕುಡಿದ ಡಿಸ್ಕು ಅದು, ಯಾವಾಗ ಹೋಗುತ್ತದೋ ಹೇಳಲಾಗದು.

ಎರಡನೆಯದು, ಮಷೀನುಗಳಿಗೂ ಆಫೀಸಿಗೂ ನಡುವೆ ಒಂದು ಚಿಕ್ಕ ಲಿನಕ್ಸ್ ಡಬ್ಬಿ. ಅದಕ್ಕೆ ಎರಡು ಲ್ಯಾನ್ ಕಾರ್ಡು. ಒಂದು ಕಾರ್ಡಿನಿಂದ ಮಷೀನುಗಳ ಪುಟ್ಟ ಸ್ವಿಚ್ಚಿಗೆ ಕೇಬಲ್, ಇನ್ನೊಂದರಿಂದ ಆಫೀಸಿಗೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ನೇರ ದಾರಿ ಇರಬಾರದು. ಡಬ್ಬಿಯಲ್ಲಿ ಸಾಂಬಾವನ್ನು ಎರಡು ಪ್ರತ್ಯೇಕ ಸೆಟ್ಟಿಂಗ್‌ನಲ್ಲಿ ನಡೆಸಿ, ಹಳೆಯ ಭಾಷೆ ಮಷೀನಿನ ಕಡೆಯ ಕಾರ್ಡಿಗೆ ಮಾತ್ರ ಸಿಗುವಂತೆ ಮಾಡಬಹುದು. 2019ರ 4.11 ಆವೃತ್ತಿಯಿಂದ ಸಾಂಬಾದಲ್ಲೂ ಈ ಹಳೆಯ ರೂಪ ತಾನಾಗಿ ಆನ್ ಇರುವುದಿಲ್ಲ, ಬೇಕೆಂದೇ ಹೇಳಬೇಕು. ಡ್ರಾಯಿಂಗ್ ಹುಡುಗ ಪ್ರೋಗ್ರಾಂ ಫೈಲನ್ನು ಆಫೀಸಿನ ಕಡೆಯಿಂದ ಡಬ್ಬಿಯಲ್ಲಿಡುತ್ತಾನೆ, ಆಪರೇಟರು ಮಷೀನಿನ ಕಡೆಯಿಂದ ತೆಗೆದುಕೊಳ್ಳುತ್ತಾರೆ. ಮಷೀನಿಗೆ ಇಂಟರ್‌ನೆಟ್ ಬೇಕಾಗಿಲ್ಲ, ಕೊಡಲೂಬಾರದು. ವಿಂಡೋಸ್‌ನಲ್ಲಿ ಇಷ್ಟು ಸಣ್ಣ ಖರ್ಚಿನಲ್ಲಿ ಹೀಗೆ ಗೋಡೆ ಕಟ್ಟಲು ನನಗೆ ಗೊತ್ತಿಲ್ಲ. ಈ ಕೆಲಸಕ್ಕೆ ಲಿನಕ್ಸೇ ಸರಿ.

ನಿಮ್ಮ ಪತ್ರದ ಕೊನೆಯಲ್ಲಿ, ಮನೆಯಿಂದ ನೋಡಲು ರೌಟರಿನಲ್ಲಿ 3389 ಪೋರ್ಟ್ ತೆರೆಸಿದ್ದೇನೆ ಎಂದು ಬರೆದಿದ್ದೀರಿ. ಇದನ್ನು ಓದುತ್ತಿರುವಾಗಲೇ ಎದ್ದು ಹೋಗಿ ಮುಚ್ಚಿಸಿ. ಅದು ರಿಮೋಟ್ ಡೆಸ್ಕ್‌ಟಾಪ್‌ನ ಬಾಗಿಲು. ಹಗಲೂ ರಾತ್ರಿ ಪಾಸ್‌ವರ್ಡ್ ಊಹಿಸುತ್ತ ಅದನ್ನು ತಟ್ಟುವ ಯಂತ್ರಗಳು ಜಗತ್ತಿನಲ್ಲಿ ಲೆಕ್ಕವಿಲ್ಲದಷ್ಟಿವೆ. ಮನೆಯಿಂದ ನೋಡಲೇಬೇಕೆಂದರೆ ವಿಪಿಎನ್ ಹಾಕಿಸಿ. ಅದೇ ಲಿನಕ್ಸ್ ಡಬ್ಬಿಯಲ್ಲಿ ವೈರ್‌ಗಾರ್ಡ್ ನಡೆಯುತ್ತದೆ.

ಯಶವಂತಪುರ ಎಂದಾಗ ನನಗೆ ಯಾರ್ಡಿನ ಮಂಡಿಗಳ ನೆನಪು. ತೊಂಬತ್ತರ ದಶಕದ ನಡುವಿನಲ್ಲಿ ಅಲ್ಲಿ ನೋವೆಲ್ ನೆಟ್‌ವೇರ್ ಹಾಕುತ್ತ ಓಡಾಡಿದವನು ನಾನು. ಆಗ ಟಿವಿ ಕೇಬಲ್ಲಿನಂಥ ಒಂದೇ ತಂತಿ ಎಲ್ಲ ಸಿಸ್ಟಂಗಳನ್ನೂ ಪೋಣಿಸಿಕೊಂಡು ಹೋಗುತ್ತಿತ್ತು, ಎರಡು ತುದಿಗೂ ಹೆಬ್ಬೆರಳ ತುದಿಯಷ್ಟಿರುವ 50 ಓಮ್‌ನ ಟರ್ಮಿನೇಟರು. ಗುಡಿಸುವಾಗ ಪೊರಕೆ ತಗುಲಿ ಅದು ಬಿದ್ದರೆ ಇಡೀ ಮಂಡಿಯ ಲೆಕ್ಕ ನಿಲ್ಲುತ್ತಿತ್ತು. ಮೆಣಸಿನಕಾಯಿ ಚೀಲಗಳ ಸಂದಿಯಲ್ಲಿ ಸೀನುತ್ತ ತೆವಳಿ ಅದನ್ನು ಹುಡುಕಿದ್ದೇನೆ. ಆ ನೆಟ್‌ವೇರ್ ಮಾಡುತ್ತಿದ್ದದ್ದು ಫೈಲು, ಪ್ರಿಂಟರು ಹಂಚುವ ಎರಡೇ ಕೆಲಸ. ವರ್ಷಗಟ್ಟಲೆ ರೀಸ್ಟಾರ್ಟ್ ಇಲ್ಲದೆ ಮಾಡುತ್ತಿತ್ತು. ಡಬ್ಬಿಗೊಂದು ಕೆಲಸ ಎನ್ನುವ ಆ ಕ್ರಮವನ್ನು ನಾನು ಈಗಲೂ ಬಿಟ್ಟಿಲ್ಲ.

ಯಲಹಂಕ ಉಪನಗರದಿಂದ ಒಬ್ಬ ಮುಖ್ಯೋಪಾಧ್ಯಾಯಿನಿ

*ನಮ್ಮ ಶಾಲೆಯ ಲ್ಯಾಬಿನ ಮೂವತ್ತು ಕಂಪ್ಯೂಟರುಗಳೂ ಹಳೆಯವು. ಹೊಸದಕ್ಕೆ ಆಡಳಿತ ಮಂಡಳಿಯಲ್ಲಿ ಹಣವಿಲ್ಲ. ಲಿನಕ್ಸ್ ಹಾಕಿದರೆ ಮಕ್ಕಳು ಮುಂದೆ ಕೆಲಸಕ್ಕೆ ಹೋದಾಗ ಕಷ್ಟವಾಗುವುದಿಲ್ಲವೇ? ಕನ್ನಡ ಟೈಪ್ ಮಾಡಲು ಬರುತ್ತದೆಯೇ?*

ಮೇಡಂ, ದೂರ ಹೋಗಬೇಕಾಗಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳನ್ನು ನೋಡಿ. ಕೇರಳ ಸರ್ಕಾರ ತನ್ನ ಶಾಲೆಗಳನ್ನು ಸ್ವತಂತ್ರ ತಂತ್ರಾಂಶಕ್ಕೆ ಒಯ್ದು ಎರಡು ದಶಕವೇ ಆಗುತ್ತ ಬಂತು. ಅಲ್ಲಿನ ಕೈಟ್ ಸಂಸ್ಥೆ ಉಬುಂಟುವಿನ ಮೇಲೆ ತನ್ನದೇ ಲಿನಕ್ಸ್ ಕಟ್ಟಿಕೊಡುತ್ತದೆ. ನಮ್ಮ ಕನ್ನಡದ ಮಕ್ಕಳು ಅದರಲ್ಲೇ ಚಿತ್ರ ಬಿಡಿಸಿ, ಲೆಕ್ಕ ಮಾಡಿ, ಪ್ರೋಗ್ರಾಂ ಬರೆದು ಹತ್ತನೇ ತರಗತಿ ಮುಗಿಸುತ್ತಾರೆ. ಅವರಿಗೆ ಬೆಂಗಳೂರಿಗೆ ಬಂದು ಕೆಲಸ ಮಾಡಲು ಕಷ್ಟವಾಗಿಲ್ಲ.

ನಿಮ್ಮ ಲ್ಯಾಬಿಗೆ ಎಲ್‌ಟಿಎಸ್‌ಪಿ ಎಂಬ ವ್ಯವಸ್ಥೆ ಹೊಂದುತ್ತದೆ. ಮೂವತ್ತರಲ್ಲೂ ಬೇರೆಬೇರೆಯಾಗಿ ಏನೂ ಹಾಕಬೇಕಾಗಿಲ್ಲ. ಒಂದು ಒಳ್ಳೆಯ ಸಿಸ್ಟಂ ಕೊಂಡು ಅದನ್ನು ಸರ್ವರ್ ಮಾಡಿದರೆ ಉಳಿದವು ನೆಟ್‌ವರ್ಕ್ ಮೂಲಕ ಅದರಿಂದಲೇ ಬೂಟ್ ಆಗುತ್ತವೆ. ಹಾರ್ಡ್ ಡಿಸ್ಕ್ ಕೆಟ್ಟ ಸಿಸ್ಟಂ ಕೂಡ ಏಳುತ್ತದೆ. ಒಂದು ಕಡೆ ಬದಲಾವಣೆ ಮಾಡಿದರೆ ಮರುದಿನ ಮೂವತ್ತರಲ್ಲೂ ಬಂತು. ದುಡ್ಡು ಎಲ್ಲಿ ಬೇಕೆಂದರೆ ಸ್ವಿಚ್ಚಿಗೆ. ಮೂವತ್ತು ಮಕ್ಕಳು ಬೆಲ್ ಹೊಡೆದ ಕೂಡಲೇ ಒಟ್ಟಿಗೆ ಆನ್ ಮಾಡುತ್ತಾರಲ್ಲ, ಹಳೆಯ 100 ಎಂಬಿಪಿಎಸ್ ಸ್ವಿಚ್ಚಿದ್ದರೆ ಅರ್ಧ ಪೀರಿಯಡ್ಡು ಬೂಟ್ ಆಗುವುದರಲ್ಲೇ ಹೋಗುತ್ತದೆ. ಗಿಗಾಬಿಟ್ ಸ್ವಿಚ್ಚು, ಸರಿಯಾಗಿ ಕ್ರಿಂಪ್ ಮಾಡಿದ ಕೇಬಲ್ಲು ಇರಲಿ.

ಕನ್ನಡಕ್ಕೆ ಐಬಸ್ ಹಾಕಿಸಿ, ಅದರಲ್ಲಿ ಎಂ17ಎನ್‌ನ ಕೆಜಿಪಿ ವಿನ್ಯಾಸ ಆರಿಸಿ. ಕನ್ನಡ ಗಣಕ ಪರಿಷತ್ತಿನ ವಿನ್ಯಾಸವೇ ಅದು. ನುಡಿ ತಂತ್ರಾಂಶದಲ್ಲಿ ಕೈ ಪಳಗಿದ ನಿಮ್ಮ ಶಿಕ್ಷಕಿಯರಿಗೆ ಬೆರಳು ತಡವರಿಸುವುದಿಲ್ಲ. ಅಕ್ಷರ ಯೂನಿಕೋಡ್‌ನಲ್ಲೇ ಮೂಡುತ್ತದೆ. ಲಿಬ್ರೆ ಆಫೀಸಿನಲ್ಲಿ ಕಲಿತ ಮಗುವಿಗೆ ನಾಳೆ ಎಕ್ಸೆಲ್ ಕೊಟ್ಟರೆ ಎರಡು ದಿನದ ಕೆಲಸ. ಆಫೀಸ್ ರೂಮಿನ ಒಂದೆರಡು ಸಿಸ್ಟಂ ಮಾತ್ರ ವಿಂಡೋಸ್‌ನಲ್ಲೇ ಇರಲಿ. ಹಳೆಯ ನುಡಿ ಫೈಲುಗಳು, ಫೀಸಿನ ಸಾಫ್ಟ್‌ವೇರು ಅಲ್ಲಿ ಬೇಕಾಗುತ್ತವೆ.

ಆರ್.ಟಿ. ನಗರದಿಂದ ಒಬ್ಬ ಡಿಟಿಪಿ ಅಂಗಡಿಯವರು

*ಮದುವೆ ಪತ್ರಿಕೆ, ಬಿಲ್ ಬುಕ್ ಮಾಡ್ತೀವಿ. ಕೋರಲ್‌ಡ್ರಾ, ಪೇಜ್‌ಮೇಕರ್, ನುಡಿ. ನಾಲ್ಕು ಸಿಸ್ಟಂ. ಲಿನಕ್ಸ್‌ಗೆ ಹೋಗಬಹುದಾ?*

ಹೋಗಬೇಡಿ. ನೀವು ಬಳಸುವ ಆ ಮೂರೂ ವಿಂಡೋಸ್ ಆವೃತ್ತಿಗಳೇ. ಆಸ್ಕಿ ಅಕ್ಷರದಲ್ಲಿರುವ ನಿಮ್ಮ ಹಳೆಯ ಫೈಲು ನುಡಿ ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ರೋಮನ್ ಗುರುತುಗಳ ಸಾಲಾಗುತ್ತದೆ. ಫಾಂಟನ್ನು ಲಿನಕ್ಸ್‌ಗೂ ಹಾಕಿ ಓದಬಹುದು, ಆದರೆ ನಿಮ್ಮ ಡಿಸೈನು ಅಲ್ಲಿ ತೆರೆಯುವುದಿಲ್ಲ. ಹೊಸ ಕೆಲಸವನ್ನಾದರೂ ಯೂನಿಕೋಡ್‌ನಲ್ಲಿ ಮಾಡುತ್ತ ಬನ್ನಿ. ಪೇಜ್‌ಮೇಕರಿನ ಕೊನೆಯ ದೊಡ್ಡ ಆವೃತ್ತಿ ಬಂದದ್ದು 2001ರಲ್ಲಿ. ಮುಂದಿನ ಯಾವುದಾದರೂ ವಿಂಡೋಸ್ ಅದನ್ನು ಒಪ್ಪದೆ ಹೋದ ದಿನ ನಿಮ್ಮ ಇಪ್ಪತ್ತು ವರ್ಷದ ಕೆಲಸ ಬಾಗಿಲು ಹಾಕಿಕೊಳ್ಳುತ್ತದೆ. ಮುಖ್ಯವಾದವನ್ನು ಈಗಲೇ ಪಿಡಿಎಫ್ ಮಾಡಿಡಿ.

ಸಹಕಾರನಗರದಿಂದ

*ಆನ್‌ಲೈನಿನಲ್ಲಿ ಐನೂರು ರೂಪಾಯಿಗೆ ವಿಂಡೋಸ್ ಪ್ರೊ ಕೀ ಸಿಗುತ್ತದೆ, ಆಕ್ಟಿವೇಟ್ ಕೂಡ ಆಗುತ್ತದೆ. ಅದು ಒರಿಜಿನಲ್ ತಾನೇ?*

ಆಕ್ಟಿವೇಟ್ ಆದ ಮಾತ್ರಕ್ಕೆ ಪರವಾನಗಿ ನಿಮ್ಮದಾಗುವುದಿಲ್ಲ. ಆ ಬೆಲೆಯ ಕೀಗಳು ಬಹುಮಟ್ಟಿಗೆ ಯಾವುದೋ ಕಂಪನಿಗೋ ಕಾಲೇಜಿಗೋ ಕೊಟ್ಟದ್ದರಿಂದ ಸೋರಿ ಬಂದವು, ಒಂದು ದಿನ ರದ್ದಾಗುತ್ತವೆ. ಗೊತ್ತಿದ್ದೂ ಕದ್ದ ಪ್ರತಿ ಬಳಸಿದರೆ 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂನಲ್ಲಿ 7 ದಿನದಿಂದ 3 ವರ್ಷದವರೆಗೆ ಸಜೆ, 50 ಸಾವಿರದಿಂದ 2 ಲಕ್ಷದವರೆಗೆ ದಂಡ ಇದೆ. ಕೀ ಕೂಡ ಕೊಳ್ಳದೆ ಆಕ್ಟಿವೇಟರ್ ಪ್ರೋಗ್ರಾಂ ಓಡಿಸುವವರದು ಇನ್ನೂ ಅಪಾಯ. ಅದನ್ನು ಓಡಿಸುವ ಮೊದಲು ಆಂಟಿವೈರಸ್ ಆಫ್ ಮಾಡಿ ಎನ್ನುತ್ತದೆ. ಗೊತ್ತಿಲ್ಲದವನಿಗೆ ಮನೆಯ ಬೀಗದ ಕೈ ಕೊಟ್ಟಂತೆ. ಕೊಳ್ಳಲು ಆಗದಿದ್ದರೆ ಲಿನಕ್ಸ್ ಹಾಕಿ. ಬಿಟ್ಟಿಯಾಗಿಯೂ ಮರ್ಯಾದೆಯಾಗಿಯೂ ಬದುಕುವ ದಾರಿ ಇರುವಾಗ ಕಳ್ಳದಾರಿ ಏಕೆ?

ಹೆಬ್ಬಾಳದಿಂದ ಒಬ್ಬ ವಾಸ್ತುಶಿಲ್ಪಿ

*ನಾವು ಐದು ಜನ, ಎಲ್ಲರದೂ ಮ್ಯಾಕ್. ಸರ್ವರ್ ಕೂಡ ಮ್ಯಾಕ್ ಆಗಬೇಕೆ?*

ಬೇಕಾಗಿಲ್ಲ. ಆಪಲ್ ತನ್ನ ಮ್ಯಾಕ್‌ಒಎಸ್ ಸರ್ವರನ್ನು 2022ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. 2013ರಿಂದ ಮ್ಯಾಕ್‌ಗಳೂ ಫೈಲು ಹಂಚಿಕೆಗೆ ಎಸ್‌ಎಂಬಿ ಭಾಷೆಯನ್ನೇ ಮೊದಲು ಆಡುತ್ತವೆ. ಫೈಲು ಇಡುವುದಕ್ಕೆಂದೇ ಇರುವ ಒಂದು ನಾಸ್ ಡಬ್ಬಿ ತಂದಿಡಿ. ಅದರೊಳಗೂ ಇರುವುದು ಹೆಚ್ಚಾಗಿ ಲಿನಕ್ಸೇ.

ಹೆಬ್ಬಾಳದಿಂದ, ಒಂದು ಡಯಾಗ್ನೋಸ್ಟಿಕ್ ಸೆಂಟರಿನ ಐಟಿ ನೋಡಿಕೊಳ್ಳುವವರು

*ಸರ್, 35 ಸಿಸ್ಟಂ, ನಾನೊಬ್ಬಳೇ. ಡೊಮೇನ್ ಇನ್ನೂ ವಿಂಡೋಸ್ ಸರ್ವರ್ 2012 ಆರ್2ನಲ್ಲಿದೆ. ನಮ್ಮ ಡಾಕ್ಟರು 2024ರ ಜುಲೈ 19ಕ್ಕೆ ಏರ್‌ಪೋರ್ಟಿನಲ್ಲಿ ಸಿಕ್ಕಿಹಾಕಿಕೊಂಡಿದ್ದರು. ಅವತ್ತಿನಿಂದ ‘ವಿಂಡೋಸ್ ನಂಬಬಾರದು, ಎಲ್ಲ ಲಿನಕ್ಸ್ ಮಾಡು’ ಅಂತಾರೆ. ನನಗೆ ಲಿನಕ್ಸ್ ಇಷ್ಟ, ಬರುತ್ತೆ ಕೂಡ. ಆದರೂ ಧೈರ್ಯ ಸಾಲುತ್ತಿಲ್ಲ.*

ನಿಮ್ಮ ಹಿಂಜರಿಕೆ ಸರಿಯಾಗಿದೆ. ಡಾಕ್ಟರ ಸಿಟ್ಟೂ ಸುಮ್ಮನೆ ಬಂದದ್ದಲ್ಲ. ಆ ಶುಕ್ರವಾರ ದೇವನಹಳ್ಳಿಯ ನಿಲ್ದಾಣದಲ್ಲೂ ಹಲವು ವಿಮಾನ ಕಂಪನಿಗಳ ಚೆಕ್-ಇನ್ ವ್ಯವಸ್ಥೆ ಕೈಕೊಟ್ಟಿತ್ತು. ಅದೇ ದಿನ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಸಿಸ್ಟಂಗಳು ನೀಲಿ ಪರದೆಯಲ್ಲಿ ನಿಂತವು. ಆದರೆ ಅವನ್ನು ಬೀಳಿಸಿದ್ದು ವಿಂಡೋಸ್‌ನ ಅಪ್‌ಡೇಟ್ ಅಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರಿನ ಒಂದು ಕೆಟ್ಟ ಫೈಲು. ಆ ಸಾಫ್ಟ್‌ವೇರು ಆಪರೇಟಿಂಗ್ ಸಿಸ್ಟಂನ ಗರ್ಭಗುಡಿಯಾದ ಕರ್ನೆಲ್‌ನಲ್ಲಿ ಕೂತು ಕೆಲಸ ಮಾಡುತ್ತದೆ, ಅಲ್ಲಿ ಎಡವಿದರೆ ಇಡೀ ಸಿಸ್ಟಂ ಬೀಳುತ್ತದೆ. ಕರ್ನೆಲ್‌ನಲ್ಲಿ ಕೂರುವ ಸಾಫ್ಟ್‌ವೇರು ಎಡವಿದರೆ ಲಿನಕ್ಸೂ ಹಾಗೆಯೇ ಬೀಳುತ್ತದೆ. ಅವತ್ತು ಹೆಚ್ಚು ಪರದಾಡಿದವರು ಯಾರೆಂದರೆ, ಸಿಸ್ಟಂಗೆ ಬಿಟ್‌ಲಾಕರ್ ಎಂಬ ಡಿಸ್ಕ್ ಬೀಗ ಹಾಕಿ ಅದರ ರಿಕವರಿ ಕೀಯನ್ನು ಎಲ್ಲಿಟ್ಟಿದ್ದೇವೆ ಎಂದು ತಿಳಿಯದವರು. ಸೇಫ್ ಮೋಡ್‌ಗೆ ಹೋಗಿ ಆ ಒಂದು ಫೈಲು ಅಳಿಸಿದರೆ ಸಾಕಿತ್ತು, ಆದರೆ ಒಳಗೆ ಹೋಗಲು ಆ 48 ಅಂಕಿಯ ಕೀ ಬೇಕು. ನಿಮ್ಮ 35ರ ಕೀಗಳೂ ಕಾಗದದ ಮೇಲೆ ಅಚ್ಚಾಗಿ ಡಾಕ್ಟರ ಬೀರುವಿನಲ್ಲಿ ಇವೆಯೇ? ನಾಳೆ ಬೆಳಿಗ್ಗೆ ಮೊದಲು ಅದನ್ನು ಮಾಡಿ.

ಈಗ ಡೊಮೇನ್. ಯಾರು ಎಲ್ಲಿ ಲಾಗಿನ್ ಆಗಬಹುದು, ಯಾರಿಗೆ ಯಾವ ಫೋಲ್ಡರು, ಕೆಲಸ ಬಿಟ್ಟು ಹೋದವರ ಖಾತೆಯನ್ನು ಒಂದೇ ಕಡೆ ಮುಚ್ಚುವುದು ಇವೆಲ್ಲ ಅದರ ಕೈಯಲ್ಲಿವೆ. ವಿಂಡೋಸ್ 2000ದ ಜೊತೆ ಬಂದ ಆಕ್ಟಿವ್ ಡೈರೆಕ್ಟರಿ ಇದನ್ನು ಮಾಡಿಕೊಂಡು ಬಂದಿದೆ. 2012ರ ಡಿಸೆಂಬರ್‌ನಲ್ಲಿ ಬಂದ ಸಾಂಬಾ 4ರಿಂದ ಲಿನಕ್ಸ್‌ನಲ್ಲೂ ಅದೇ ಕೆಲಸ ಮಾಡಬಹುದು, ವಿಂಡೋಸ್ ಸಿಸ್ಟಂಗಳಿಗೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಕ್ಯಾಲ್ ಬೇಡ, ಪರವಾನಗಿ ಬೇಡ. ನಾನು ಹಾಕಿದ್ದೇನೆ, ಚೆನ್ನಾಗಿ ನಡೆದಿದೆ.

ಆದರೂ ನಿಮಗೆ ವಿಂಡೋಸ್ ಸರ್ವರನ್ನೇ ಹೇಳುತ್ತೇನೆ. ಕಾರಣ ನೀವು. ನೀವು ಊರಿಗೆ ಹೋಗುತ್ತೀರಿ, ಮದುವೆ ಬಾಣಂತನ ಇರುತ್ತದೆ, ನಾಳೆ ಇನ್ನೂ ಒಳ್ಳೆಯ ಕೆಲಸ ಸಿಕ್ಕರೆ ಹೋಗಲೂಬೇಕು. ಆಗ ರಾತ್ರಿ ಹನ್ನೊಂದಕ್ಕೆ ಯಾರೂ ಲಾಗಿನ್ ಆಗಲಾಗದೆ, ಹೊರಗೆ ಎಮರ್ಜೆನ್ಸಿ ಸ್ಕ್ಯಾನಿನ ವರದಿಗೆ ಕಾಯುತ್ತಿದ್ದಾರೆ ಎಂದುಕೊಳ್ಳಿ. ಹೆಬ್ಬಾಳದಿಂದ ಫೋನ್ ಮಾಡಿದರೆ ಆಕ್ಟಿವ್ ಡೈರೆಕ್ಟರಿ ಬಲ್ಲ ಹತ್ತು ಜನ ಸಿಗುತ್ತಾರೆ. ಸಾಂಬಾ ಡೊಮೇನ್ ಕೆಟ್ಟಿದೆ ಎಂದರೆ ಅದನ್ನು ಬಿಚ್ಚಿ ನೋಡಬಲ್ಲವರು ಒಬ್ಬರು ಸಿಕ್ಕರೆ ಅದೃಷ್ಟ. ಬೆಲೆ ಹೋಲಿಸುವಾಗ ಈ ಸಾಲನ್ನು ಯಾರೂ ಕೊಟೇಶನ್ನಿನಲ್ಲಿ ಬರೆಯುವುದಿಲ್ಲ.

2012 ಆರ್2ರ ಸಾಮಾನ್ಯ ಬೆಂಬಲ 2023ರ ಅಕ್ಟೋಬರ್ 10ಕ್ಕೇ ಮುಗಿದಿದೆ, ತಡಮಾಡಬೇಡಿ. ಅದರಿಂದ ನೇರವಾಗಿ 2025ಕ್ಕೆ ಜಿಗಿಯಲು ಬರುವುದಿಲ್ಲ. ಸರ್ವರ್ 2025 ಡೊಮೇನ್ ಕಂಟ್ರೋಲರಾಗಿ ಸೇರಬೇಕಾದರೆ ಡೊಮೇನ್‌ನ ಮಟ್ಟ ಕನಿಷ್ಠ 2016 ಇರಬೇಕು, ನಿಮ್ಮ 2012 ಆರ್2 ಇರುವವರೆಗೆ ಆ ಮಟ್ಟಕ್ಕೆ ಏರಿಸಲಾಗದು. ಹೊಸದಾಗಿ 2022 ಸೇರಿಸಿ, ಎಲ್ಲ ಜವಾಬ್ದಾರಿ ಅದಕ್ಕೆ ವರ್ಗಾಯಿಸಿ, ಹಳೆಯದನ್ನು ಇಳಿಸಿ. 2022ಕ್ಕೆ 2031ರ ಅಕ್ಟೋಬರ್‌ವರೆಗೆ ಅಪ್‌ಡೇಟ್ ಇದೆ, ಅಲ್ಲೇ ನಿಂತರೂ ಸಾಕು. ಸ್ಟ್ಯಾಂಡರ್ಡ್ ಪರವಾನಗಿಯನ್ನು ಕನಿಷ್ಠ 16 ಕೋರಿಗೆ ಕೊಳ್ಳಬೇಕು, ಅದರಲ್ಲಿ ಎರಡು ವರ್ಚುವಲ್ ಮಷೀನಿಗೆ ಹಕ್ಕು ಸಿಗುತ್ತದೆ. ಒಂದರಲ್ಲಿ ಡೊಮೇನ್, ಇನ್ನೊಂದರಲ್ಲಿ ಬಿಲ್ಲಿಂಗ್ ಸಾಫ್ಟ್‌ವೇರು ಇಡಿ. ಎರಡನ್ನೂ ಒಂದರಲ್ಲೇ ತುಂಬಬೇಡಿ.

ನಿಮ್ಮ ಲಿನಕ್ಸ್ ಪ್ರೀತಿಗೆ ಕೆಲಸ ಬೇರೆ ಇದೆ. ಸ್ಕ್ಯಾನಿಂಗ್ ಚಿತ್ರಗಳ ಸಂಗ್ರಹಕ್ಕೆ ಆರ್ಥಾಂಕ್ ಎಂಬ ಮುಕ್ತ ತಂತ್ರಾಂಶದ ಡೈಕಾಂ ಸರ್ವರ್ ಇದೆ, ಲಿನಕ್ಸ್ ಮೇಲೆ ಸೊಗಸಾಗಿ ನಡೆಯುತ್ತದೆ. ಬ್ಯಾಕಪ್ ಡಬ್ಬಿಯೂ ಲಿನಕ್ಸೇ ಆಗಲಿ. ಎಳೆದುಕೊಳ್ಳುವ ಕ್ರಮವನ್ನು ಮೊದಲ ಪತ್ರಕ್ಕೆ ಬರೆದಿದ್ದೇನೆ. ಡೆಬಿಯನ್ ಆಗಲಿ ಉಬುಂಟು ಎಲ್‌ಟಿಎಸ್ ಆಗಲಿ ಆರಿಸಿ. ಬಿಟ್ಟಿ ಎಂದ ಮಾತ್ರಕ್ಕೆ ನಂಬಿಕೆ ಶಾಶ್ವತವಲ್ಲ ಎಂಬುದಕ್ಕೆ ಸೆಂಟ್‌ಒಎಸ್ 8 ಇದೆ. 2029ರವರೆಗೆ ಇರುತ್ತದೆಂದು ನಂಬಿ ಹಾಕಿದವರಿಗೆ 2020ರ ಡಿಸೆಂಬರ್‌ನಲ್ಲಿ, ಮುಂದಿನ ವರ್ಷದ ಕೊನೆಗೇ ಮುಗಿಯಿತು ಎಂದರು. ನಾನೂ ಆಗ ಕೆಲವು ಸರ್ವರುಗಳನ್ನು ರಾತ್ರಿ ಕೂತು ಆಲ್ಮಾ ಲಿನಕ್ಸ್‌ಗೆ ಸಾಗಿಸಬೇಕಾಯಿತು.

ಇನ್ನೊಂದು ವಿಷಯ ಡಾಕ್ಟರಿಗೆ ನೀವೇ ಹೇಳಬೇಕು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೈಬರ್ ದಾಳಿ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು, ಸಿಸ್ಟಂಗಳ ಲಾಗುಗಳನ್ನು 180 ದಿನ ಇಡಬೇಕು. ಸರ್ವರಿನೊಳಗೇ ಇರುವ ಲಾಗು ಸರ್ವರಿನ ಜೊತೆಗೇ ಹೋಗುತ್ತದೆ. ಬೇರೆ ಲಿನಕ್ಸ್ ಡಬ್ಬಿಗೆ ಅದನ್ನು ಕಳಿಸಲು ಇವತ್ತೇ ಏರ್ಪಾಡು ಮಾಡಿ. ರೋಗಿಗಳ ವಿವರ ನಿಮ್ಮ ಕೈಯಲ್ಲಿದೆ.

ಬ್ಯಾಕಪ್ ನಡೆಯುತ್ತಿದೆ ಎಂದು ಹಸಿರು ಗುರುತು ನೋಡಿ ಸುಮ್ಮನಾಗಬೇಡಿ. ಸೆಂಟರ್ ಮುಚ್ಚಿರುವ ಒಂದು ಭಾನುವಾರ, ಬೇರೊಂದು ಖಾಲಿ ಸಿಸ್ಟಂ ಇಟ್ಟುಕೊಂಡು, ಡೊಮೇನ್ ಮತ್ತು ಬಿಲ್ಲಿಂಗ್ ಎರಡನ್ನೂ ಬ್ಯಾಕಪ್ಪಿನಿಂದ ಎಬ್ಬಿಸಿ ನೋಡಿ. ಪಕ್ಕದಲ್ಲಿ ಒಬ್ಬ ಟೆಕ್ನಿಷಿಯನ್‌ನನ್ನು ಕೂರಿಸಿಕೊಂಡು ಅವರ ಕೈಯಲ್ಲೇ ಮಾಡಿಸಿ, ಪ್ರತಿ ಹೆಜ್ಜೆಯನ್ನೂ ಕನ್ನಡದಲ್ಲಿ ಬರೆಸಿ, ಆ ಹಾಳೆಯನ್ನು ರಿಕವರಿ ಕೀಗಳ ಜೊತೆಗೇ ಇಡಿ. ಮೊದಲಿನಿಂದ ಕೊನೆಯವರೆಗೆ ಎಷ್ಟು ಗಂಟೆ ಹಿಡಿಯಿತೆಂದು ನನಗೆ ಬರೆಯಿರಿ.